ಸಿಂಗಲ್ ಕೋರ್‌ನಲ್ಲಿ ಸರಿ ಇದ್ದ ಡ್ರೈವರ್, ನಾಲ್ಕು ಕೋರ್‌ನಲ್ಲಿ ಯಾಕೆ ಬೈಟ್ ಕಳೆಯುತ್ತದೆ?

ಪ್ರಶ್ನೆ: ಸರ್, ಸೀರಿಯಲ್ ಕಾರ್ಡ್ ಒಂದಕ್ಕೆ ಬರೆದ ಹಳೆಯ ಲಿನಕ್ಸ್ ಡ್ರೈವರ್ ನಮ್ಮಲ್ಲಿದೆ. ಸಿಂಗಲ್ ಕೋರ್ ಬೋರ್ಡ್‌ನಲ್ಲಿ ಯಾವ ತಕರಾರೂ ಇರಲಿಲ್ಲ. ನಾಲ್ಕು ಕೋರ್‌ನ ಬೋರ್ಡ್‌ಗೆ ಹಾಕಿದ ಮೇಲೆ ಆಗಾಗ ಬೈಟ್‌ಗಳು ಮಾಯ. ಬಂದ ಬೈಟ್‌ಗಳನ್ನು ಇಡುವ ಬಫರ್ ಮುಟ್ಟುವ ಕಡೆಯೆಲ್ಲ ಇಂಟರಪ್ಟ್ (ಕಾರ್ಡ್ ಪ್ರೊಸೆಸರ್‌ಗೆ ಕೊಡುವ ಕರೆ) ನಿಲ್ಲಿಸುವ ಲೋಕಲ್_ಐಆರ್‌ಕ್ಯೂ_ಡಿಸೇಬಲ್ ಇದೆ. ಇನ್ನೇನು ಬೇಕು?

ಉತ್ತರ: ಅದು ನಿಲ್ಲಿಸುವುದು ಆ ಒಂದು ಕೋರ್‌ನ ಇಂಟರಪ್ಟ್ ಮಾತ್ರ. ರೀಡ್ ಫಂಕ್ಷನ್ 0ನೇ ಕೋರ್‌ನಲ್ಲಿರುವಾಗ ಇಂಟರಪ್ಟ್ ಬಂದಾಗ ಬೈಟ್ ತುಂಬುವ ಹ್ಯಾಂಡ್ಲರ್ 2ನೇ ಕೋರ್‌ನಲ್ಲಿ ಆರಾಮಾಗಿ ಓಡುತ್ತದೆ. ಬಫರ್‌ನಲ್ಲಿ 7 ಬೈಟ್ ಇವೆ ಅನ್ನಿ. ಎರಡೂ ಕೋರ್ ಆ 7 ಓದಿದವು. ಹ್ಯಾಂಡ್ಲರ್ ಒಂದು ಸೇರಿಸಿ 8 ಬರೆಯಿತು. ರೀಡ್ ಒಂದು ಕಳೆದು ಅದರ ಮೇಲೇ 6 ಬರೆಯಿತು. ಇರಬೇಕಾದದ್ದು 7. ನಿಮ್ಮ ಬೈಟ್ ಹೋಗಿದ್ದು ಇಲ್ಲೇ.

ಆ ಎಣಿಕೆಗೂ ಬಫರ್‌ಗೂ ಸೇರಿ ಒಂದು ಸ್ಪಿನ್‌ಲಾಕ್ (ಸಿಗುವವರೆಗೆ ಮಲಗದೆ ಸುತ್ತುತ್ತಾ ಕಾಯಿಸುವ ಬೀಗ) ಇಡಿ. ರೀಡ್ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಬಳಸಿ, ಅದು ಲಾಕ್ ಜೊತೆಗೆ ಆ ಕೋರ್‌ನ ಇಂಟರಪ್ಟನ್ನೂ ನಿಲ್ಲಿಸುತ್ತದೆ. ಬರೀ ಸ್ಪಿನ್_ಲಾಕ್ ಹಾಕಿದರೆ, ರೀಡ್ ಲಾಕ್ ಹಿಡಿದಿರುವಾಗಲೇ ಅದೇ ಕೋರ್‌ಗೆ ಇಂಟರಪ್ಟ್ ಬರಬಹುದು. ಹ್ಯಾಂಡ್ಲರ್ ಲಾಕ್‌ಗೆ ಕಾಯುತ್ತದೆ, ಅದು ಮುಗಿಯದೆ ರೀಡ್ ಮುಂದೆ ಹೋಗಲ್ಲ. ಅಲ್ಲಿಗೆ ಹ್ಯಾಂಗ್. ಎಣಿಕೆಯ ವೇರಿಯಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಕಂಪೈಲರ್‌ಗೆ ಹೇಳುವ ಪದ) ಹಾಕಿದ್ರೆ ಸಾಕು ಅನ್ನೋರೂ ಸಿಗ್ತಾರೆ, ಕಿವಿಗೆ ಹಾಕ್ಕೋಬೇಡಿ.

ಪ್ರಶ್ನೆ: ಹಾಕಿದೆ ಸರ್. ಈಗ ಲಾಗ್‌ನಲ್ಲಿ "ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್" ಅಂತ ಬರ್ತಿದೆ.

ಉತ್ತರ: ಲಾಕ್ ಒಳಗೆ, ಯೂಸರ್ ಪ್ರೋಗ್ರಾಂಗೆ ಡೇಟಾ ಕೊಡುವ ಕಾಪಿ_ಟು_ಯೂಸರ್ ಇದೆ ಅಲ್ವಾ? ಅದಕ್ಕೆ ಪೇಜ್ ಫಾಲ್ಟ್ ಆದರೆ (ಬೇಕಾದ ಪುಟ ಮೆಮೊರಿಯಲ್ಲಿ ಸಿಗದಿದ್ದರೆ) ನಿದ್ದೆ ಹೋಗಬೇಕಾಗಬಹುದು. ಸ್ಪಿನ್‌ಲಾಕ್ ಹಿಡಿದು ಮಲಗುವಂತಿಲ್ಲ. ಲಾಕ್ ಒಳಗೆ ಬೈಟ್‌ಗಳನ್ನು ಚಿಕ್ಕ ತಾತ್ಕಾಲಿಕ ಬಫರ್‌ಗೆ ತೆಗೆದುಕೊಳ್ಳಿ, ಲಾಕ್ ಬಿಡಿ, ಆಮೇಲೆ ಯೂಸರ್‌ಗೆ ಕಾಪಿ ಮಾಡಿ. ಜಿಎಫ್‌ಪಿ_ಕರ್ನಲ್ ಹಾಕಿ ಮೆಮೊರಿ ಕೇಳುವ ಕೆಮ್ಯಾಲಕ್ ಇದ್ದರೆ ಅದನ್ನೂ ಹೊರಗೆ ತನ್ನಿ, ಅದೂ ಮಲಗಬಹುದು.

ಇನ್ನೊಬ್ಬರು: ಮೊದಲೆಲ್ಲ ಇಡೀ ಕರ್ನಲ್‌ಗೆ ಒಂದೇ ಬೀಗದಂತಿದ್ದ ಬಿಗ್ ಕರ್ನಲ್ ಲಾಕ್ ಇತ್ತಲ್ಲ ಸರ್?

ಉತ್ತರ: 1996ರ ಲಿನಕ್ಸ್ 2.0ರಲ್ಲಿ ಬಂತು, 2011ರ 2.6.39ರಲ್ಲಿ ಪೂರ್ತಿ ತೆಗೆದರು. ಈಗ ಡ್ರೈವರ್ ತನ್ನ ಲಾಕ್ ತಾನೇ ನೋಡಿಕೊಳ್ಳಬೇಕು. ಟೆಸ್ಟ್ ಮಾಡುವ ಕರ್ನಲ್‌ನಲ್ಲಿ ಕಾನ್ಫಿಗ್_ಪ್ರೂವ್_ಲಾಕಿಂಗ್ ಆನ್ ಮಾಡಿ. ಹ್ಯಾಂಗ್ ಆಗುವವರೆಗೆ ಕಾಯದೆ, ಲಾಕ್ ಹಿಡಿಯುವ ಕ್ರಮ ತಪ್ಪಿದಾಗಲೇ ಹೇಳುತ್ತದೆ.

ಮಾಡ್ಯೂಲ್ ತೆಗೆಯುವ ಕೋಡನ್ನೂ ನೋಡಿ. ಮೊದಲು ಕಾರ್ಡ್‌ನ ಇಂಟರಪ್ಟ್ ಆಫ್, ಆಮೇಲೆ ಹ್ಯಾಂಡ್ಲರ್ ತೆಗೆಯುವ ಫ್ರೀ_ಐಆರ್‌ಕ್ಯೂ, ಕೊನೆಗೆ ಮೆಮೊರಿ ಬಿಡುವ ಕೆಫ್ರೀ. ಬೇರೆ ಕೋರ್‌ನಲ್ಲಿ ಹ್ಯಾಂಡ್ಲರ್ ಓಡುತ್ತಿದ್ದರೆ ಅದು ಮುಗಿಯುವವರೆಗೆ ಫ್ರೀ_ಐಆರ್‌ಕ್ಯೂ ಕಾಯುತ್ತದೆ. ಹಾಗಾಗಿ ಆ ಸ್ಪಿನ್‌ಲಾಕ್ ಹಿಡಿದುಕೊಂಡು ಮಾತ್ರ ಅದನ್ನು ಕರೆಯಬೇಡಿ.