ಘಟ್ಟದ ಊರುಗಳಿಗೆ ಟ್ರಂಕ್ ರೇಡಿಯೋ ಬೇಕೇ?

ಪ್ರಶ್ನೆ: ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ನಮ್ಮ ಮನೆ ಇರುವುದು ರಾಗಿಹೊಸಳ್ಳಿಯಿಂದ ಒಳಗೆ, ದೇವಿಮನೆ ಘಟ್ಟದ ಅಂಚಿನಲ್ಲಿ. ಕಳೆದ ಆಷಾಢದಲ್ಲಿ ಪಕ್ಕದ ತೋಟದಲ್ಲಿ ಕೊಳೆರೋಗದ ಔಷಧಿ ಹೊಡೆಯುತ್ತಿದ್ದ, ಅಡಿಕೆ ಮರ ಹತ್ತುವ ಕೊನೆಗೌಡರೊಬ್ಬರು ಮರದಿಂದ ಬಿದ್ದರು. ಎರಡು ದಿನಗಳಿಂದ ಕರೆಂಟ್ ಇರಲಿಲ್ಲ. ಮೊಬೈಲ್ ಗೋಪುರವೂ ಸತ್ತಿತ್ತು. ನನ್ನ ಮಗ ಬೈಕಿನಲ್ಲಿ ಮುಖ್ಯ ರಸ್ತೆಗೆ ಹೋಗಿ, ಸಿಗ್ನಲ್ ಸಿಗುವ ತಿರುವಿನಲ್ಲಿ ನಿಂತು 108ಕ್ಕೆ ಕರೆ ಮಾಡಿದ. ಆಂಬುಲೆನ್ಸ್ ಹೊರಟಿತು. ಅಷ್ಟರಲ್ಲಿ ಒಳದಾರಿಗೆ ಅಡ್ಡಲಾಗಿ ಹೊನ್ನೆಮರ ಬಿದ್ದಿತು. ಬಳಸಿಕೊಂಡು ಬನ್ನಿ ಎಂದು ಚಾಲಕನಿಗೆ ಹೇಳುವ ದಾರಿಯೇ ನಮಗೆ ಇರಲಿಲ್ಲ. ಒಂದೂವರೆ ತಾಸು ಕಳೆಯಿತು. ಅವರ ಜೀವ ಉಳಿಯಿತು, ಆದರೆ ಅವರು ಇನ್ನು ಮರ ಹತ್ತಲಾರರು.

ಅಂದಿನಿಂದ ನಾನು ರೇಡಿಯೋ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಬ್ರಿಟನ್ನಿನಲ್ಲಿ ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಮೂರೂ ಟೆಟ್ರಾ ಎಂಬ ಒಂದೇ ಟ್ರಂಕ್ ರೇಡಿಯೋ ಜಾಲವನ್ನು, ಅಂದರೆ ಚಾನೆಲ್‌ಗಳನ್ನು ಎಲ್ಲರೂ ಹಂಚಿಕೊಳ್ಳುವ ಜಾಲವನ್ನು, ಬಳಸುತ್ತವೆಯಂತೆ. ದೆಹಲಿ ಮೆಟ್ರೋದಲ್ಲೂ ಅದೇ ಇದೆಯಂತೆ. ನಮ್ಮ ಜಿಲ್ಲೆಗೂ ಅದು ಬೇಕು ಎಂದು ಗ್ರಾಮಸಭೆಯಲ್ಲಿ ಮನವಿ ಕೊಡಬೇಕೆಂದಿದ್ದೇನೆ. ತಿಳಿದವರು ಹೇಳಿ, ಸರಿಯಾದುದನ್ನೇ ಕೇಳುತ್ತಿದ್ದೇನೆಯೇ?

ಉತ್ತರ: ದೋಣಿ ಮಾಲೀಕ, ಬೈತಖೋಲ, ಕಾರವಾರ

ರೇಡಿಯೋ ತಂತ್ರಜ್ಞಾನ ನನಗೆ ಹೆಚ್ಚು ತಿಳಿಯದು. ನಮ್ಮ ದೋಣಿಯಲ್ಲಿ ವಿಎಚ್‌ಎಫ್ ಎಂಬ ಸಮುದ್ರದ ನಿಸ್ತಂತು ಸೆಟ್ ಇದೆ. ಕಷ್ಟ ಬಂದರೆ ಚಾನೆಲ್ 16. ನಮ್ಮ ದೋಣಿ, ಗೋವಾದ ದೋಣಿ, ಪರದೇಶದ ಹಡಗು, ಕರಾವಳಿ ಕಾವಲು ಪಡೆ ಎಲ್ಲರೂ ಕಿವಿಗೊಡುವುದು ಅದೊಂದಕ್ಕೇ. ಅಲ್ಲಿ ಹರಟೆ ಹೊಡೆದವನನ್ನು ಹಿರಿಯರು ಬೈದು ಓಡಿಸುತ್ತಾರೆ. ಕರೆದರೆ ಯಾರಾದರೂ ಕೇಳಿಸಿಕೊಂಡೇ ಕೇಳಿಸಿಕೊಳ್ಳುತ್ತಾರೆ ಎಂಬ ಧೈರ್ಯದ ಮೇಲೆ ನಾವು ದಡ ಬಿಡುತ್ತೇವೆ. ನೆಲದ ಮೇಲಿನವರಿಗೆ ಅಂಥದ್ದೊಂದು ಏಕಿಲ್ಲ?

ಉತ್ತರ: ನಿವೃತ್ತ ನಿಸ್ತಂತು ತಂತ್ರಜ್ಞ, ಕಾರವಾರ

ಈ ಜಿಲ್ಲೆಯ ಗುಡ್ಡಗಳನ್ನು ಆಂಟೆನಾ ಹೊತ್ತು ಹತ್ತಿದವನು ನಾನು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಟ್ರಂಕಿಂಗ್ ಯಾವ ಕಾಯಿಲೆಗೆ ಮದ್ದು ಎಂಬುದನ್ನು ಮೊದಲು ತಿಳಿಯಬೇಕು. ಹಳೆಯ ಪದ್ಧತಿಯಲ್ಲಿ ಪೊಲೀಸರಿಗೆ ಒಂದು ಚಾನೆಲ್, ಅಗ್ನಿಶಾಮಕದವರಿಗೆ ಇನ್ನೊಂದು. ಒಂದರಲ್ಲಿ ನೂಕುನುಗ್ಗಲಾಗಿ ಮತ್ತೊಂದು ಖಾಲಿ ಬಿದ್ದಿದ್ದರೂ ಅತ್ತಿತ್ತ ಹೋಗುವಂತಿಲ್ಲ. ಟ್ರಂಕಿಂಗ್‌ನಲ್ಲಿ ಎಲ್ಲ ಚಾನೆಲ್‌ಗಳೂ ಒಂದೇ ರಾಶಿ. ನೀವು ಗುಂಡಿ ಒತ್ತಿದಾಗ ಸೆಟ್ಟು ನಿಯಂತ್ರಣ ಚಾನೆಲ್ ಮೂಲಕ ಜಾಗ ಕೇಳುತ್ತದೆ, ಗೋಪುರದ ಗಣಕ ಖಾಲಿ ಇರುವುದನ್ನು ಕೊಡುತ್ತದೆ, ಮಾತು ಮುಗಿದರೆ ಅದು ಮತ್ತೆ ರಾಶಿಗೆ ಸೇರುತ್ತದೆ. ಟೆಟ್ರಾದಲ್ಲಿ 25 ಕಿಲೋಹರ್ಟ್ಸ್ ಅಗಲದ ಒಂದೇ ವಾಹಕ ತರಂಗವನ್ನು ಕಾಲದ ನಾಲ್ಕು ತುಂಡು ಮಾಡುತ್ತಾರೆ. ಒಂದು ನಿಯಂತ್ರಣಕ್ಕೆ, ಮೂರು ಮಾತಿಗೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಇದು ಚಿನ್ನದಂಥ ವ್ಯವಸ್ಥೆ. ಲಕ್ಷಾಂತರ ಜನ, ನೂರಾರು ಸೆಟ್ಟುಗಳು, ಎಲ್ಲರಿಗೂ ಒಂದೇ ಹೊತ್ತಿಗೆ ಮಾತನಾಡಬೇಕು. ಆದರೆ ನಿಮ್ಮ ಊರಿನ ಕಾಯಿಲೆ ನೂಕುನುಗ್ಗಲಲ್ಲ, ಗುಡ್ಡ. ಅಲ್ಲಿ ಚಾನೆಲ್ ದಿನವಿಡೀ ಖಾಲಿಯೇ ಇರುತ್ತದೆ, ತರಂಗವೇ ತಲುಪುವುದಿಲ್ಲ. ಗೋಪುರದ ಗಣಕಕ್ಕೆ ನಿಮ್ಮ ಸೆಟ್ಟಿನ ಕರೆ ಕೇಳಿಸದಿದ್ದರೆ ಅದು ಚಾನೆಲ್ ಕೊಡುವುದು ಯಾರಿಗೆ?

ಟೆಟ್ರಾ ಸಾಮಾನ್ಯವಾಗಿ ಕೆಲಸ ಮಾಡುವುದು 400 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ದೋಣಿಯವರು ಹೇಳಿದ ಚಾನೆಲ್ 16 ಇರುವುದು ವಿಎಚ್‌ಎಫ್ ಎಂಬ ತರಂಗಪಟ್ಟಿಯಲ್ಲಿ, 156.8 ಮೆಗಾಹರ್ಟ್ಸ್‌ನಲ್ಲಿ. ಮೊದಲನೆಯದರ ಅಲೆಯುದ್ದ ಮುಕ್ಕಾಲು ಮೀಟರ್, ಎರಡನೆಯದರದು ಹತ್ತಿರ ಹತ್ತಿರ ಎರಡು ಮೀಟರ್. ಉದ್ದನೆಯ ಅಲೆ ಗುಡ್ಡದ ನೆತ್ತಿಯನ್ನು ಸವರಿಕೊಂಡು ಆಚೆ ಬದಿಗೆ ಒಂದಿಷ್ಟಾದರೂ ಬಾಗುತ್ತದೆ. ಗಿಡ್ಡ ಅಲೆಯ ಹಿಂದೆ ನೆರಳು ಕಪ್ಪಗೆ ಬೀಳುತ್ತದೆ, ಮಳೆಯಲ್ಲಿ ತೊಯ್ದ ಕಾಡಿನ ಎಲೆಗಳೂ ಅದನ್ನು ಹೆಚ್ಚು ಕುಡಿಯುತ್ತವೆ. ವಿಎಚ್‌ಎಫ್‌ನಲ್ಲಿ ನಡೆಯುವ ಟ್ರಂಕ್ ವ್ಯವಸ್ಥೆಗಳೂ ಇವೆ, ಡಿಎಂಆರ್ ಎಂಬ ಡಿಜಿಟಲ್ ರೇಡಿಯೋ ಪದ್ಧತಿಯ ಮೂರನೇ ಹಂತ ಅಂಥದ್ದು. ಕೇಳುವುದೇ ಆದರೆ ಅದನ್ನು ಕೇಳಿ.

ಇನ್ನು ವಿದ್ಯುತ್ತು. ರಿಪೀಟರ್ ಎಂದರೆ ಎತ್ತರದಲ್ಲಿ ಕೂತು, ಕೇಳಿದ ಮಾತನ್ನು ಮತ್ತೆ ಪ್ರಸಾರ ಮಾಡುವ ಯಂತ್ರ. ಸಾಮಾನ್ಯ ರಿಪೀಟರ್ ಯಾರಾದರೂ ಮಾತನಾಡಿದಾಗ ಮಾತ್ರ ಪ್ರಸಾರ ಮಾಡುತ್ತದೆ, ಉಳಿದ ಹೊತ್ತು ಕಿವಿಗೊಟ್ಟು ಸುಮ್ಮನಿರುತ್ತದೆ. ಟೆಟ್ರಾ ಗೋಪುರದ ನಿಯಂತ್ರಣ ಚಾನೆಲ್ ಹಗಲಿರುಳು ಪ್ರಸಾರ ಮಾಡುತ್ತಲೇ ಇರಬೇಕು. ಹತ್ತು ದಿನ ಸೂರ್ಯನ ಮುಖ ಕಾಣದ ಆಷಾಢದಲ್ಲಿ, ಸೌರಫಲಕ ನಂಬಿದ ಗುಡ್ಡದ ತುದಿಯಲ್ಲಿ ಈ ವ್ಯತ್ಯಾಸವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಗೋಪುರಗಳನ್ನು ಬೆಸೆಯುವ ಕೇಬಲ್ಲನ್ನು ರಸ್ತೆಯ ಪಕ್ಕದಲ್ಲೇ ಹೂಳಿದರೆ, ಗುಡ್ಡ ಕುಸಿದ ದಿನ ಅದೂ ರಸ್ತೆಯ ಜೊತೆಗೇ ಹೋಗುತ್ತದೆ. ಆಗ ಪ್ರತಿಯೊಂದು ಗೋಪುರವೂ ದ್ವೀಪ. ಅದರ ಕೆಳಗಿನವರು ತಮ್ಮತಮ್ಮಲ್ಲೇ ಮಾತನಾಡಬಹುದು, ಕಾರವಾರಕ್ಕೆ ದನಿ ಮುಟ್ಟದು.

ಉತ್ತರ: ಆಂಬುಲೆನ್ಸ್ ನರ್ಸ್, ಜೋಯಿಡಾ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ನನಗೆ ಟ್ರಂಕ್ ರೇಡಿಯೋ ಬೇಕು. ಅಣಶಿ ಘಟ್ಟದಲ್ಲಿ ಹೆರಿಗೆ ನೋವಿನ ತಾಯಿಯನ್ನು ಕರೆದೊಯ್ಯುವಾಗ ನನ್ನ ಎರಡೂ ಕೈಗಳು ಅವಳ ಮೇಲಿರುತ್ತವೆ. ತುರ್ತು ಗುಂಡಿಯನ್ನು ಒಮ್ಮೆ ಒತ್ತಿದರೆ ಬೇರೆಯವರ ಮಾತನ್ನು ಬದಿಗೆ ಸರಿಸಿ ನನ್ನ ಕರೆಗೆ ಜಾಗ ಸಿಗುತ್ತದೆ ಎಂದು ಓದಿದ್ದೇನೆ. ನನಗೆ ಅಷ್ಟು ಸಾಕು. ಇನ್ನೊಂದು ಮಾತು. ನಮ್ಮ ಜಿಲ್ಲೆಯ ದೊಡ್ಡ ಕಾಯಿಲೆಯವರೆಲ್ಲ ಹೋಗುವುದು ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಗೋವಾಕ್ಕೆ. ಜಿಲ್ಲೆಯ ಗಡಿ ದಾಟಿದೊಡನೆ ಮೂಕವಾಗುವ ಸೆಟ್ಟನ್ನು ಕೊಟ್ಟು ಕೈತೊಳೆದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ

ಹಾಗಾದರೆ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿದಾಗ ಆದಂಥ ಸಂದರ್ಭಕ್ಕೆ ಏನು ಬೇಕು? ಪೊಲೀಸರು, ಎನ್‌ಡಿಆರ್‌ಎಫ್, ನೌಕಾಪಡೆ, ಸೇನೆ ಎಲ್ಲರೂ ಗಂಗಾವಳಿಯ ದಡದಲ್ಲೇ ಇದ್ದರಲ್ಲ.

ಉತ್ತರ: ನಿವೃತ್ತ ನಿಸ್ತಂತು ತಂತ್ರಜ್ಞ, ಕಾರವಾರ

ನರ್ಸ್ ತಾಯಿಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಗುಂಡಿಯ ಬಗ್ಗೆ ನೀವು ಓದಿದ್ದು ನಿಜ, ಅದು ಟ್ರಂಕ್ ವ್ಯವಸ್ಥೆಯ ದೊಡ್ಡ ಗುಣ. ಆದರೆ ತುರ್ತು ಗುಂಡಿ ಸಾಮಾನ್ಯ ಡಿಜಿಟಲ್ ಸೆಟ್ಟುಗಳಲ್ಲೂ ಬರುತ್ತದೆ, ಅದಕ್ಕಾಗಿಯೇ ಇಡೀ ಜಾಲ ಕಟ್ಟಬೇಕಿಲ್ಲ. ಗಡಿಯ ವಿಚಾರದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಟ್ರಂಕ್ ಜಾಲವನ್ನು ಕಟ್ಟಿದರೆ ಇಡೀ ರಾಜ್ಯಕ್ಕೆ ಕಟ್ಟಬೇಕು, ಒಂದು ಜಿಲ್ಲೆಗೆ ಕಟ್ಟುವುದು ದುಡ್ಡನ್ನು ಕಾಳಿ ನದಿಗೆ ಸುರಿದಂತೆ.

ಶಿರೂರಿನಂಥ ಕಡೆ ಟ್ರಂಕ್ ಜಾಲವಿದ್ದರೆ ಕೂತಲ್ಲಿಂದಲೇ ಎಲ್ಲರನ್ನೂ ಒಂದು ಮಾತಿನ ಗುಂಪಿಗೆ ಸೇರಿಸಬಹುದು. ಆದರೆ ಹೊರಗಿನಿಂದ ಬಂದ ತಂಡದ ಸೆಟ್ಟು ಅದೇ ಜಾಲದ್ದಾಗಿರಬೇಕು, ಮೊದಲೇ ನೋಂದಾಯಿಸಿರಬೇಕು. ಇಲ್ಲದಿದ್ದರೆ ಪಕ್ಕಪಕ್ಕದಲ್ಲಿ ನಿಂತೂ ಕಿವುಡರು. 2009ರ ಅಕ್ಟೋಬರಿನಲ್ಲಿ ಕಡವಾಡದಲ್ಲಿ ಗುಡ್ಡ ಕುಸಿದಾಗ ಒಂದು ತಂಡದ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸಲು ಕೆಸರಿನಲ್ಲಿ ಓಡಿದ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ಎಲ್ಲರ ಸೆಟ್ಟಿನಲ್ಲೂ ರಿಪೀಟರ್ ಹಂಗಿಲ್ಲದ ಒಂದು ಸಾಮಾನ್ಯ ವಿಎಚ್‌ಎಫ್ ಚಾನೆಲ್ ತುಂಬಿಸಿಟ್ಟಿದ್ದರೆ ಅಷ್ಟು ಓಡಬೇಕಿರಲಿಲ್ಲ. ದೋಣಿಯವರು ಕೇಳಿದ್ದು ಅದನ್ನೇ.

ನಿಮ್ಮ ಮನವಿಯಲ್ಲಿ ಹೀಗೆ ಬರೆಯಿರಿ: ದೇವಿಮನೆ, ಅರಬೈಲು, ಅಣಶಿ ಘಟ್ಟಗಳ ನೆರಳು ಪ್ರದೇಶಕ್ಕೆ ವಿಎಚ್‌ಎಫ್ ರಿಪೀಟರ್, ಮೂರು ದಿನ ಬಾಳುವ ಬ್ಯಾಟರಿ, ಎಲ್ಲ ಇಲಾಖೆಗಳಿಗೂ ಒಂದು ಸಾಮಾನ್ಯ ಚಾನೆಲ್, ಪಂಚಾಯಿತಿ ಕಚೇರಿಯಲ್ಲಿ ಪರವಾನಗಿ ಇರುವ ಒಂದು ಸೆಟ್ಟು, ಅದನ್ನು ಬಳಸಲು ತರಬೇತಿ ಪಡೆದ ಇಬ್ಬರು. ಮುಂದೆ ರಾಜ್ಯವೇ ಟ್ರಂಕ್ ಜಾಲ ಕಟ್ಟಿದರೆ ಸೇರಿಕೊಳ್ಳಲು ಬರುವಂಥ ಡಿಜಿಟಲ್ ಸೆಟ್ಟುಗಳನ್ನೇ ಕೊಳ್ಳಲಿ.

ಮನವಿಯ ಜೊತೆ ಒಂದು ನಕ್ಷೆಯನ್ನೂ ಕೊಡಿ. ನಿಮ್ಮ ಊರಿನ ಯಾವ ತಿರುವಿನಲ್ಲಿ, ಯಾರ ಅಂಗಳದಲ್ಲಿ, ಯಾವ ತೋಟದ ತಗ್ಗಿನಲ್ಲಿ ಮೊಬೈಲ್ ಸಿಗುವುದಿಲ್ಲ ಎಂಬುದನ್ನು ಈ ಮಳೆಗಾಲದಲ್ಲೇ ನಡೆದು ಗುರುತು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಹಾಕಿದ ಗುರುತು ಸುಳ್ಳು ಹೇಳುತ್ತದೆ. ನನ್ನ ಬಳಿ ಹವ್ಯಾಸಿ ರೇಡಿಯೋ ಪರವಾನಗಿಯೂ 145 ಮೆಗಾಹರ್ಟ್ಸ್‌ನ ಎರಡು ಕೈಸೆಟ್ಟುಗಳೂ ಇವೆ. ಪರವಾನಗಿ ಇರುವ ಗೆಳೆಯರೊಬ್ಬರನ್ನು ಕರೆದುಕೊಂಡು ನಾನೇ ಬರುತ್ತೇನೆ. ಅವರು ದೇವಿಮನೆಯ ನೆತ್ತಿಯಲ್ಲಿ ನಿಲ್ಲಲಿ, ನಾನು ಆ ಕೊನೆಗೌಡರು ಬಿದ್ದ ತೋಟದಲ್ಲಿ ನಿಂತು ಕರೆಯುತ್ತೇನೆ.