ಜ್ವರದ ಜೊತೆ ಬಲಪಕ್ಕೆಯ ನೋವು: ಅಮೀಬಾದಿಂದಾಗುವ ಲಿವರ್ ಬಾವನ್ನು ಶಂಕಿಸಲು ರೋಗಿಯನ್ನು ಏನೇನು ಕೇಳಬೇಕು?

ಪ್ರಶ್ನೆ (ಸಮುದಾಯ ಆರೋಗ್ಯಾಧಿಕಾರಿ, ಹೊಸನಗರ ತಾಲ್ಲೂಕು)

ಮಾನ್ಯರೇ, ನಾನು ಹೊಸನಗರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಬೇಸಿಗೆಯ ಜ್ವರವೆಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ, ಮಳೆಗಾಲದ ಜ್ವರವೆಂದರೆ ಇಲಿಜ್ವರ ಅಥವಾ ಡೆಂಗಿ. ಈ ನಡುವೆ ತೋಟದ ಕೆಲಸ ಮಾಡುವ ಒಬ್ಬರು ಜ್ವರ ಮತ್ತು ಬಲಪಕ್ಕೆಯ ನೋವೆಂದು ಬಂದರು. ಮರ ಹತ್ತುವಾಗ ಉಳುಕಿರಬೇಕೆಂದು ಅವರೇ ಹೇಳಿದರು. ಜ್ವರ ಬಿಡದಿದ್ದುದರಿಂದ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದೆ. ಸ್ಕ್ಯಾನಿಂಗ್‌ನಲ್ಲಿ ಲಿವರ್‌ನ ಬಲಭಾಗದಲ್ಲಿ ದೊಡ್ಡದೊಂದು ಬಾವು ಕಂಡಿತು, ಅದು ಅಮೀಬಾದಿಂದ ಆದದ್ದೆಂದು ವೈದ್ಯರು ತೀರ್ಮಾನಿಸಿದರು. ಆದರೆ ಆ ರೋಗಿಗೆ ಭೇದಿಯೂ ಇರಲಿಲ್ಲ, ಕಾಮಾಲೆಯೂ ಇರಲಿಲ್ಲ. ಸ್ಕ್ಯಾನಿಂಗ್ ಯಂತ್ರವಿಲ್ಲದ ನಮ್ಮಂಥ ಕಡೆ, ರೋಗಿಯ ಮಾತು ಮತ್ತು ಕೈಯಿಂದ ಮಾಡುವ ಪರೀಕ್ಷೆಯಿಂದಲೇ ಈ ರೋಗವನ್ನು ಶಂಕಿಸುವುದು ಹೇಗೆ? ಯಾವ ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು?

ಉತ್ತರ 1 (ವೈದ್ಯ, ಶಿವಮೊಗ್ಗ)

ಮೇಡಂ, ಭೇದಿ ಮತ್ತು ಕಾಮಾಲೆ ಇರಲಿಲ್ಲ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ರೋಗ ಕೈತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಈ ಪರೋಪಜೀವಿ ಮಲಿನವಾದ ನೀರು ಅಥವಾ ಆಹಾರದ ಮೂಲಕ ಹೊಟ್ಟೆ ಸೇರಿ, ದೊಡ್ಡ ಕರುಳಿನ ಗೋಡೆಯನ್ನು ಕೊರೆದು, ಅಲ್ಲಿಂದ ರಕ್ತದ ಜೊತೆ ಲಿವರ್‌ಗೆ ತಲುಪುತ್ತದೆ. ಅದು ಲಿವರ್‌ನಲ್ಲಿ ಬಾವು ಎಬ್ಬಿಸುವ ಹೊತ್ತಿಗೆ ಕರುಳಿನ ತೊಂದರೆ ತಣ್ಣಗಾಗಿರುವುದುಂಟು. ಕೆಲವರಿಗೆ ಕರುಳಿನಲ್ಲಿ ಏನೂ ಗೊತ್ತಾಗದೆಯೇ ಇರಬಹುದು. ಬಾವಿನೊಂದಿಗೆ ಬರುವವರಲ್ಲಿ ಆ ಸಮಯಕ್ಕೆ ಭೇದಿ ಇರುವವರು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕಾಮಾಲೆ ಕಾಣುವುದು ಇನ್ನೂ ಅಪರೂಪ, ಹತ್ತರಲ್ಲಿ ಒಬ್ಬರಿಗೂ ಇರುವುದಿಲ್ಲ. ಮಲಪರೀಕ್ಷೆಯಲ್ಲಿ ಅಮೀಬಾ ಸಿಗಲಿಲ್ಲವೆಂದು ರೋಗವನ್ನು ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಬಹುಪಾಲು ರೋಗಿಗಳಲ್ಲಿ ಅದು ಸಿಗುವುದೇ ಇಲ್ಲ.

ರೋಗಿ ಹೇಳುವುದು ಸಾಮಾನ್ಯವಾಗಿ ಹೀಗಿರುತ್ತದೆ: ಕೆಲವು ದಿನಗಳಿಂದ, ಹೆಚ್ಚೆಂದರೆ ಎರಡರಿಂದ ನಾಲ್ಕು ವಾರಗಳಿಂದ ಜ್ವರ, ಜೊತೆಗೆ ಚಳಿ, ರಾತ್ರಿ ಬೆವರು, ಊಟ ಸೇರದಿರುವುದು, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದಿರುವುದು. ನೋವು ಬಲಗಡೆ ಪಕ್ಕೆಲುಬಿನ ಕೆಳಗೆ ಅಥವಾ ಪಕ್ಕೆಲುಬುಗಳ ನಡುವೆಯೇ ಇದ್ದು, ಕೆಮ್ಮಿದಾಗ, ಆಳವಾಗಿ ಉಸಿರೆಳೆದಾಗ, ಬಸ್ಸು ಗುಂಡಿಗೆ ಬಿದ್ದು ಕುಲುಕಿದಾಗ ಹೆಚ್ಚುತ್ತದೆ. ಬಾವು ಲಿವರ್‌ನ ಮೇಲ್ಭಾಗದಲ್ಲಿದ್ದರೆ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಕೆರಳಿಸುವುದರಿಂದ ನೋವು ಬಲ ಹೆಗಲಿಗೆ ಹೋಗುತ್ತದೆ, ಒಣಕೆಮ್ಮೂ ಬರುತ್ತದೆ. ಅಡಿಕೆ ಮರ ಹತ್ತುವವರು, ಹೊರೆ ಹೊರುವವರು ಹೆಗಲಿನ ನೋವನ್ನು ಕೆಲಸದ ನೋವೆಂದೇ ತಿಳಿದು ಹೇಳದೆ ಬಿಡುತ್ತಾರೆ. ಆದ್ದರಿಂದ ನಾವೇ ಮುಂದಾಗಿ ಕೇಳಬೇಕು.

ಕೈಯಿಂದ ಮಾಡುವ ಪರೀಕ್ಷೆಯಲ್ಲಿ ನಾನು ಅತ್ಯಂತ ಹೆಚ್ಚು ನಂಬುವುದು ಪಕ್ಕೆಲುಬುಗಳ ನಡುವಿನ ನೋವನ್ನು. ಬಲಗಡೆಯ ಕೆಳಗಿನ ಪಕ್ಕೆಲುಬುಗಳ ಸಂದುಗಳನ್ನು ಒಂದೊಂದಾಗಿ ಬೆರಳಿನ ತುದಿಯಿಂದ ಮೃದುವಾಗಿ ಒತ್ತುತ್ತಾ ಹೋಗಿ. ನಿರ್ದಿಷ್ಟವಾದ ಒಂದು ಜಾಗದಲ್ಲಿ ರೋಗಿ ಹೌಹಾರಿ ಮೈ ಹಿಂದಕ್ಕೆಳೆದುಕೊಂಡರೆ ಆ ಸುಳಿವನ್ನು ಕಡೆಗಣಿಸಬೇಡಿ. ಲಿವರ್ ದೊಡ್ಡದಾಗಿ ಪಕ್ಕೆಲುಬಿನ ಕೆಳಗೆ ಕೈಗೆ ಸಿಗಬಹುದು, ಆದರೆ ಬಾವು ಮೇಲ್ಮುಖವಾಗಿ ಬೆಳೆದಿದ್ದರೆ ಅದು ಸಿಗದೆಯೂ ಇರಬಹುದು. ಎದೆಯ ಬಲಭಾಗದ ಬುಡದಲ್ಲಿ ಉಸಿರಿನ ಸದ್ದು ಕಡಿಮೆಯಾಗಿರುವುದರಿಂದ ಇದನ್ನು ನ್ಯುಮೋನಿಯಾ ಎಂದು ತಿಳಿಯುವ ಸಾಧ್ಯತೆಯೂ ಇದೆ.

ಇನ್ನು ಕೇಳಬೇಕಾದ ಪ್ರಶ್ನೆಗಳು. “ಭೇದಿ ಆಗುತ್ತಿದೆಯೇ” ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಕರುಳಿನ ಸೋಂಕಿಗೂ ಲಿವರ್ ಬಾವಿಗೂ ನಡುವೆ ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದಿರುತ್ತವೆ. ಹೆಚ್ಚಿನವರಲ್ಲಿ ಇದು ಐದು ತಿಂಗಳೊಳಗಿನ ಮಾತು. ಆದ್ದರಿಂದ ರೋಗಿಯ ನೆನಪಿಗೆ ಒದಗುವ ಕಾಲದ ಗುರುತು ಹಿಡಿದು ಕೇಳಬೇಕು: ಅಡಿಕೆ ಕೊನೆ ಕೊಯ್ಲಿಗೆ ಮುಂಚೆ, ನಾಟಿಯ ಸಮಯದಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ ಯಾವಾಗಲಾದರೂ ಲೋಳೆಯೋ ರಕ್ತವೋ ಸೇರಿದ ಆಮಶಂಕೆ ಆಗಿತ್ತೇ, ಆಗ ಅಂಗಡಿಯಿಂದ ಎರಡು ದಿನದ ಮಾತ್ರೆ ತಂದು ನುಂಗಿ ಸುಮ್ಮನಾಗಿದ್ದಿರೇ? ಹೀಗೆ ಕೇಳಿದಾಗ ಬರುವ ಉತ್ತರ ಬೇರೆಯೇ ಆಗಿರುತ್ತದೆ.

ನೀರಿನ ವಿಷಯವನ್ನೂ ಬಿಡಿಸಿ ಕೇಳಿ. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ತಿಳಿಯಾಗಿ ಕಾಣುವುದರಿಂದ ಕುದಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಮೇಲ್ಗಡೆ ಯಾರಾದರೂ ಬಯಲಿಗೆ ಹೋಗುವ ಜಾಗವಿದ್ದರೆ ಆ ತಿಳಿನೀರಿಗೆ ಅರ್ಥವಿಲ್ಲ. ಮಲದಲ್ಲಿ ಹೊರಬರುವ ಅಮೀಬಾದ ಗಟ್ಟಿ ಹೊದಿಕೆಯ ಕೋಶಗಳು (ಸಿಸ್ಟ್) ತೇವದಲ್ಲಿ ವಾರಗಟ್ಟಲೆ ಉಳಿಯುತ್ತವೆ, ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್‌ಗೆ ಸಾಯುತ್ತವೆಂದು ನಂಬುವಂತಿಲ್ಲ, ಕುದಿಸಿದರೆ ಸಾಯುತ್ತವೆ. ಕೂಲಿಗಾಗಿ ಬೇರೆ ಊರಿನ ಶೆಡ್ಡುಗಳಲ್ಲಿ, ಎಸ್ಟೇಟ್ ಲೈನುಗಳಲ್ಲಿ ಉಳಿದು ಬಂದಿದ್ದಾರೆಯೇ ಎಂಬುದೂ ಮುಖ್ಯ.

ಮದ್ಯಪಾನದ ಪ್ರಶ್ನೆಯನ್ನು ಮನೆಯವರನ್ನು ಹೊರಗೆ ಕೂರಿಸಿ, ತೀರ್ಪಿನ ದನಿಯಿಲ್ಲದೆ ಕೇಳಬೇಕು. ಈ ಬಾವು ಕಾಣಿಸಿಕೊಳ್ಳುವುದು ಹೆಚ್ಚಾಗಿ 20ರಿಂದ 50 ವರ್ಷದ ಗಂಡಸರಲ್ಲಿ, ಹೆಂಗಸರಿಗಿಂತ ಏಳರಿಂದ ಹತ್ತು ಪಟ್ಟು ಅಧಿಕ. ಕುಡಿತದೊಂದಿಗೆ ಇದರ ನಂಟು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ಕಂಡಿರುವಂಥದ್ದು. ಹಾಗೆಂದು ಕುಡಿಯದವರಿಗೆ, ಹೆಂಗಸರಿಗೆ ಬರುವುದಿಲ್ಲವೆಂದಲ್ಲ. ಸಕ್ಕರೆ ಕಾಯಿಲೆ, ಪಿತ್ತಕೋಶದ ಕಲ್ಲು ಇದ್ದರೆ ಬ್ಯಾಕ್ಟೀರಿಯಾದಿಂದಾದ ಬಾವನ್ನು ಯೋಚಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿದ್ದು ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿದವರಾದರೆ ಮೆಲಿಯಾಯ್ಡೋಸಿಸ್ ಎಂಬ, ಲಿವರ್‌ನಲ್ಲಿ ಕೀವು ಕಟ್ಟುವ ಇನ್ನೊಂದು ಸೋಂಕು ಕೂಡ ಇರಬಹುದು. ಅದರ ಔಷಧಿ ಸಂಪೂರ್ಣ ಬೇರೆ. ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಪಡೆದಿದ್ದಾರೆಯೇ ಎಂದೂ ವಿಚಾರಿಸಿ, ಏಕೆಂದರೆ ಅದು ಅಮೀಬಾದ ಸೋಂಕನ್ನು ಉಲ್ಬಣಗೊಳಿಸುತ್ತದೆ.

ಉತ್ತರ 2 (ಓದುಗ, ತೀರ್ಥಹಳ್ಳಿ)

ನಾನು ವೈದ್ಯನಲ್ಲ. ನಮ್ಮ ಭಾವನವರಿಗೆ ಇದೇ ಕಾಯಿಲೆ ಬಂದಿತ್ತು, ಹಾಗಾಗಿ ಮನೆಯವರ ಕಡೆಯಿಂದ ಎರಡು ಮಾತು ಬರೆಯುತ್ತಿದ್ದೇನೆ. ಅವರು ಗ್ಯಾಸ್ಟ್ರಿಕ್ ಎಂದು ತಿಳಿದು ಜೀರಿಗೆ ಕಷಾಯ ಕುಡಿಯುತ್ತಿದ್ದರು; ನಡೆಯುವಾಗ ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದು ಸ್ವಲ್ಪ ಬಲಕ್ಕೆ ವಾಲುತ್ತಿದ್ದರು. ಅದನ್ನು ಮೊದಲು ಗಮನಿಸಿದ್ದು ನಮ್ಮ ಅಕ್ಕ. ಆಸ್ಪತ್ರೆಯಲ್ಲಿ ವೈದ್ಯರು ಹಿಂದಿನ ಆಮಶಂಕೆಯ ಬಗ್ಗೆ ಕೇಳಿದಾಗ ಭಾವ ಇಲ್ಲವೆಂದರು, ಅಕ್ಕ ಇತ್ತೆಂದು ನೆನಪಿಸಿದಳು. ಆದ್ದರಿಂದ ಕುಡಿತದ ವಿಷಯಕ್ಕೆ ಮನೆಯವರನ್ನು ಹೊರಗೆ ಕೂರಿಸಿದರೂ, ಉಳಿದ ವಿವರಗಳಿಗೆ ಅವರನ್ನು ಒಳಗೆ ಕರೆದು ಕೇಳುವುದು ಒಳ್ಳೆಯದು. ಸೂಜಿಯಿಂದ ಹೊರತೆಗೆದ ಕೀವು ಅಡಿಕೆ ಬೇಯಿಸಿದ ಚೊಗರಿನಂತೆ ಕೆಂಪು ಮಿಶ್ರಿತ ಕಂದು ಬಣ್ಣದ್ದಾಗಿತ್ತು, ದುರ್ವಾಸನೆಯೇ ಇರಲಿಲ್ಲ. ಅದು ಏಕೆಂದು ತಿಳಿದವರು ಹೇಳಬೇಕು.

ಉತ್ತರ 3 (ಸ್ಕ್ಯಾನಿಂಗ್ ವಿಭಾಗದ ವೈದ್ಯೆ, ಸಾಗರ)

ಆ ಬಣ್ಣ ಮತ್ತು ವಾಸನೆಯಿಲ್ಲದಿರುವಿಕೆ ಅಮೀಬಾ ಬಾವಿನ ಲಕ್ಷಣವೇ. ಅದು ನಿಜವಾದ ಅರ್ಥದಲ್ಲಿ ಕೀವಲ್ಲ. ಕರಗಿಹೋದ ಲಿವರ್ ಜೀವಕೋಶಗಳು ಮತ್ತು ರಕ್ತ. ಅಮೀಬಾಗಳು ಬಾವಿನ ಅಂಚಿನಲ್ಲಿರುವುದರಿಂದ ಆ ದ್ರವದಲ್ಲಿ ಅವು ಸಿಗುವುದೂ ವಿರಳ. ಬ್ಯಾಕ್ಟೀರಿಯಾದ ಕೀವಿಗೆ ಸಾಮಾನ್ಯವಾಗಿ ದುರ್ಗಂಧವಿರುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಹೆಚ್ಚಾಗಿ ಬಲಭಾಗದಲ್ಲಿ ಒಂದೇ ಒಂದು ದುಂಡನೆಯ ಬಾವು ಕಾಣುತ್ತದೆ, ಏಕೆಂದರೆ ಕರುಳಿನಿಂದ ಬರುವ ರಕ್ತದ ಹೆಚ್ಚಿನ ಪಾಲು ಲಿವರ್‌ನ ಬಲಭಾಗಕ್ಕೇ ಹರಿಯುತ್ತದೆ. ಎಡಭಾಗದ ಬಾವು ಕಡಿಮೆ, ಆದರೆ ನನಗೆ ಹೆಚ್ಚು ಆತಂಕವಾಗುವುದು ಅದರದ್ದೇ: ಅದು ಒಡೆದರೆ ಹೃದಯದ ಸುತ್ತಲಿನ ಚೀಲಕ್ಕೆ ಸೇರಿ ಜೀವಕ್ಕೆ ಅಪಾಯವಾಗಬಹುದು. ಅಂಥವರ ನೋವು ಪಕ್ಕೆಯಲ್ಲಿರದೆ ಎದೆಗುಂಡಿಗೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದ ನಡುವಿನಲ್ಲಿರುವುದರಿಂದ ಗ್ಯಾಸ್ಟ್ರಿಕ್ ಎಂಬ ಭ್ರಮೆ ಇನ್ನೂ ಸುಲಭ. ಜ್ವರದ ಜೊತೆ ಬರುವ ಯಾವ ಮೇಲ್ಹೊಟ್ಟೆ ನೋವನ್ನೂ ಗ್ಯಾಸ್ಟ್ರಿಕ್ ಎಂದು ಕರೆಯಬೇಡಿ ಎಂದು ನಾನು ಕಿರಿಯರಿಗೆ ಹೇಳುತ್ತಲೇ ಇರುತ್ತೇನೆ.

ಪ್ರಶ್ನೆ ಕೇಳಿದವರಿಂದ

ಸರ್, ಮೇಡಂ, ಇಬ್ಬರಿಗೂ ಕೃತಜ್ಞತೆಗಳು. ತೀರ್ಥಹಳ್ಳಿಯ ಓದುಗರ ಮಾತೂ ನನಗೆ ಬಹಳ ಉಪಯೋಗವಾಯಿತು. ಇನ್ನೊಂದು ಸಂದೇಹವಿದೆ. ಜನವರಿ, ಫೆಬ್ರವರಿಯಲ್ಲಿ ಕಾಡಿಗೆ ಹೋಗಿ ಬಂದ ವ್ಯಕ್ತಿಗೆ ಜ್ವರವಿದ್ದರೆ ಮಂಗನ ಕಾಯಿಲೆಯನ್ನು ಬಿಟ್ಟು ಲಿವರ್ ಬಾವನ್ನು ಯೋಚಿಸುವಂತೆ ಮಾಡುವ ಸುಳಿವು ಯಾವುದು? ರೋಗಿಯನ್ನು ತುರ್ತಾಗಿ ಕಳುಹಿಸಬೇಕಾದ ಸಂದರ್ಭ ಯಾವುದು?

ಉತ್ತರ 4 (ವೈದ್ಯ, ಶಿವಮೊಗ್ಗ)

1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಆ ಕಾಯಿಲೆಯನ್ನು ಋತುಮಾನದಲ್ಲಿ ಮೊದಲು ಯೋಚಿಸುವುದು ಸರಿಯಾದ ಕ್ರಮವೇ, ಅದನ್ನು ಬಿಡುವುದು ಬೇಡ. ಅಲ್ಲಿ ಜ್ವರ ಹಠಾತ್ತನೆ ಏರುತ್ತದೆ, ಹಣೆಯಲ್ಲಿ ತೀವ್ರ ತಲೆನೋವು, ಮೈಯೆಲ್ಲ ಸ್ನಾಯುಗಳ ನೋವು, ಕಣ್ಣು ಕೆಂಪಾಗುವುದು ಇರುತ್ತದೆ. ಉಣ್ಣೆ ಕಚ್ಚಿದ ಅಥವಾ ಮಂಗ ಸತ್ತ ಸುದ್ದಿ ಸುತ್ತಮುತ್ತ ಇರಬಹುದು. ನೋವು ಇಡೀ ಮೈಯದ್ದಾಗಿರದೆ ರೋಗಿ ಬೆರಳಿಟ್ಟು ತೋರಿಸಬಲ್ಲ ಒಂದು ಜಾಗದ್ದಾಗಿದ್ದರೆ ಲಿವರ್ ಕಡೆ ಗಮನ ಹರಿಸಿ. ಸಾಮಾನ್ಯ ರಕ್ತಪರೀಕ್ಷೆಯೂ ದಾರಿ ತೋರಿಸುತ್ತದೆ: ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಲಿವರ್ ಬಾವಿನಲ್ಲಿ ಬಿಳಿ ರಕ್ತಕಣ ಏರುತ್ತದೆ. ಇಲಿಜ್ವರದಲ್ಲಿ ಬಿಳಿ ರಕ್ತಕಣ ಏರಬಹುದಾದರೂ ಮೀನಖಂಡದ ನೋವು, ಕೆಂಪುಗಣ್ಣು ಮತ್ತು ತೀವ್ರವಾದಾಗ ಕಾಮಾಲೆ ಅದನ್ನು ಬೇರ್ಪಡಿಸುತ್ತವೆ.

ಹೊಟ್ಟೆ ಇದ್ದಕ್ಕಿದ್ದಂತೆ ಹಲಗೆಯಂತೆ ಬಿಗಿಯುವುದು, ಏದುಸಿರು, ಕೆಮ್ಮಿದಾಗ ಕಂದು ಬಣ್ಣದ ಕಫ ಬರುವುದು, ರಕ್ತದೊತ್ತಡ ಕುಸಿಯುವುದು, ಇವು ಬಾವು ಒಡೆದಿರುವ ಸೂಚನೆಗಳು. ಆಗ ಆ ಕ್ಷಣವೇ ಆಂಬುಲೆನ್ಸ್ ಕರೆಸಬೇಕು, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಗೇ ಕಳುಹಿಸಬೇಕು. ಈ ಸೂಚನೆಗಳಿಲ್ಲದಿದ್ದರೆ ಒಂದೆರಡು ದಿನದೊಳಗೆ ಸ್ಕ್ಯಾನಿಂಗ್ ಆಗುವಂತೆ ನೋಡಿಕೊಂಡರೆ ಸಾಕು. ಅಷ್ಟರೊಳಗೆ ಯಾರೂ ಪಕ್ಕೆಯನ್ನು ತಿಕ್ಕಿ ನೀವಿ ಉಳುಕು ತೆಗೆಯದಿರಲಿ.

ವೈದ್ಯರು ಬರೆದುಕೊಡುವ ಮೆಟ್ರೊನಿಡಜೋಲ್‌ಗೆ ಹೆಚ್ಚಿನ ಬಾವುಗಳು ಸೂಜಿಯ ಅಗತ್ಯವಿಲ್ಲದೆಯೇ ಬಗ್ಗುತ್ತವೆ, ಜ್ವರ ಮತ್ತು ನೋವು ಮೂರು ನಾಲ್ಕು ದಿನಗಳಲ್ಲಿ ಇಳಿಯತೊಡಗುತ್ತವೆ. ಆ ಮಾತ್ರೆಯ ಅವಧಿಯಲ್ಲಿ ಮದ್ಯ ಮುಟ್ಟಬಾರದು. ಅದಾದ ಮೇಲೆ ಕರುಳಿನಲ್ಲಿ ಉಳಿದ ಅಮೀಬಾವನ್ನು ನಾಶಮಾಡಲು ಡೈಲೊಕ್ಸನೈಡ್‌ನಂಥ ಇನ್ನೊಂದು ಔಷಧಿ ಬೇಕಾಗುತ್ತದೆ. ನೋವು ಹೋಯಿತೆಂದು ಅದನ್ನು ತೆಗೆದುಕೊಳ್ಳದೆ ಬಿಡುವವರೇ ಮತ್ತೆ ಬರುತ್ತಾರೆ. ನೀವು ಮನೆಭೇಟಿಗೆ ಹೋದಾಗ ಆ ಎರಡನೆಯ ಚೀಟಿಯನ್ನು ತೋರಿಸಲು ಹೇಳಿ, ಮಾತ್ರೆ ಮುಗಿದಿದೆಯೇ ಎಂದು ಎಣಿಸಿ ನೋಡಿ. ಸ್ಕ್ಯಾನಿಂಗ್‌ನಲ್ಲಿ ಬಾವಿನ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ, ರೋಗಿ ಊಟ ಮಾಡಿಕೊಂಡು ಜ್ವರವಿಲ್ಲದೆ ಇದ್ದರೆ ಆ ಗುರುತೊಂದಕ್ಕೆ ಹೆದರಿ ಮತ್ತೆ ಮಾತ್ರೆ ಆರಂಭಿಸುವ ಅಗತ್ಯವಿಲ್ಲ.