ಮನಿ ಊಟದ ಫೋಟೋಕ್ಕ ಮೆತ್ತಗಿನ, ಬೆಳ್ಳಗಿನ ಬೆಳಕು ಹೆಂಗ ತರೂದು?

ರೊಟ್ಟಿಬುಟ್ಟಿ, ಧಾರವಾಡ

ರೊಟ್ಟಿ ಊಟದ ಡಬ್ಬಿ ಕಳಸೂ ಕೆಲಸಕ್ಕ ಮೆನು ಫೋಟೋ ಬೇಕಾಗ್ಯಾವ್ರಿ. ಒಂದ ತಾಟಿನ್ಯಾಗ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಸರು, ಹಸಿ ಉಳ್ಳಾಗಡ್ಡಿ. ಕ್ಯಾಮೆರಾ ಇಲ್ಲ, ಫೋನ್ ಅಷ್ಟ. ಅಡಗಿಮನಿ ಟ್ಯೂಬ್‌ಲೈಟ್ ಕೆಳಗ ತೆಗೆದ್ರ ರೊಟ್ಟಿ ಬೂದಿ ಬಣ್ಣ, ಎಣ್ಣಿಗಾಯಿ ಕರ್ರಗ, ಸ್ಟೀಲ್ ತಾಟಿನ್ಯಾಗ ಟ್ಯೂಬಿನ ಗೆರಿ. ಅಂಗಳದ ಬಿಸಲಾಗ ಇಟ್ರ ಬಟ್ಟಲದ ನೆರಳು ಕೊರದಂಗ ಬೀಳ್ತೈತಿ. ಪಡಸಾಲಿಗೆ ಮೂಡಣಕ್ಕ ಒಂದು, ಬಡಗಣಕ್ಕ ಒಂದು ಕಿಡಕಿ ಅದಾವು. ಗ್ವಾಡಿ ತಿಳಿ ಹಸರು. ರೊಕ್ಕ ಹಾಕಿ ಲೈಟ್ ತರೂಕ್ಕಿಂತ ಮೊದಲ ಇದ್ದದ್ದರಾಗ ಏನ್ ಮಾಡಬಹುದು?

ಕಿಟಕಿಬೆಳಕು, ಹುಬ್ಬಳ್ಳಿ

ಬಡಗಣ ಕಿಟಕಿ ಇದೆಯಲ್ಲ, ಹಗಲಿನ ಕೆಲಸಕ್ಕೆ ಅಷ್ಟೇ ಸಾಕು. ಲೈಟ್ ಸದ್ಯಕ್ಕೆ ಬೇಡ.

ತಾಟು ಇದ್ದ ಜಾಗದಿಂದ ನೋಡಿದರೆ ಬೆಳಕು ಬರುವ ಜಾಗ ಎಷ್ಟು ಅಗಲ ಕಾಣುತ್ತದೋ ನೆರಳು ಅಷ್ಟು ಮೆತ್ತಗಾಗುತ್ತದೆ. ಆಕಾಶದಲ್ಲಿ ಸೂರ್ಯ ಒಂದು ಬೊಟ್ಟಿನಷ್ಟು, ಹಾಗಾಗಿ ಅಂಗಳದಲ್ಲಿ ನೆರಳಿನ ಅಂಚು ಚೂಪು. ಮೂರು ಅಡಿ ಅಗಲದ ಕಿಟಕಿಯಿಂದ ಎರಡು ಅಡಿಯೊಳಗೆ ತಾಟು ಇಟ್ಟರೆ ಬೆಳಕು ಬಟ್ಟಲನ್ನು ಬಳಸಿಕೊಂಡು ಬರುತ್ತದೆ. ಅದನ್ನೇ ಎಂಟು ಅಡಿ ಒಳಗೆ ಸರಿಸಿ ನೋಡಿ: ನೆರಳು ಗಟ್ಟಿಯಾಗುತ್ತದೆ, ಬೆಳಕು ಸಾಲದೆ ಫೋನ್ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸುತ್ತದೆ, ಚಿತ್ರವೆಲ್ಲ ರವೆ ಉದುರಿಸಿದಂತೆ ಕಾಣುತ್ತದೆ.

ಮೇ–ಜುಲೈನಲ್ಲಿ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ವಾಲುವುದರಿಂದ ಬಡಗಣ ಕಿಟಕಿಗೂ ಓರೆ ಬಿಸಿಲು ತಾಗಬಹುದು. ಆಗ ಬಿಳಿ ಧೋತರ ಒಂದೇ ಪದರ ಮಾಡಿ ಕಿಟಕಿಗೆ ಕಟ್ಟಿ. ಮೂಡಣ ಕಿಟಕಿಗೆ ಬೆಳಗಿನ ಹೊತ್ತು ವರ್ಷಪೂರ್ತಿ ಇದೇ ಉಪಾಯ. ಧೋತರ ಹಳೆಯದಾಗಿ ಹಳದಿ ತಿರುಗಿದ್ದರೆ ಬೆಳಕೂ ಹಳದಿಯಾಗುತ್ತದೆ, ಅಂಥದ್ದು ಬೇಡ.

ಫೋನ್ ಹಿಡಿದ ಕಡೆ ಗಡಿಯಾರದ ಆರು ಎಂದುಕೊಂಡರೆ ಕಿಟಕಿ ಹತ್ತು–ಹನ್ನೊಂದರ ಜಾಗದಲ್ಲಿರಲಿ. ಹಿಂದಿನಿಂದ ಓರೆಯಾಗಿ ಬಂದ ಬೆಳಕಿಗೆ ಎಣ್ಣೆಗಾಯಿಯ ಎಣ್ಣೆ ಮಿರುಗುತ್ತದೆ, ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆ, ಉಬ್ಬು ಎದ್ದು ಕಾಣುತ್ತವೆ. ನಿಮ್ಮ ಬೆನ್ನ ಹಿಂದೆ ಕಿಟಕಿ ಬಂದರೆ ಎಲ್ಲವೂ ಚಪ್ಪಟೆ, ಜೊತೆಗೆ ನಿಮ್ಮದೇ ನೆರಳು.

ಕಿಟಕಿಯ ಎದುರು ಬದಿಗೆ, ತಾಟಿನಿಂದ ಒಂದು ಅಡಿ ದೂರ, 2×3 ಅಡಿಯ ಬಿಳಿ ಥರ್ಮಾಕೋಲ್ ನಿಲ್ಲಿಸಿ. ನಿಮ್ಮ ಮನೆಯಲ್ಲಿ ಇದು ಬೇಕೇ ಬೇಕು. ಅದು ಇಲ್ಲದಿದ್ದರೆ ನೆರಳಿನ ಭಾಗಕ್ಕೆ ಹಸಿರು ಗೋಡೆಯ ಬೆಳಕು ಬಡಿದು ಮೊಸರು, ರೊಟ್ಟಿ ಎರಡೂ ಪಾಚಿ ಬಣ್ಣಕ್ಕೆ ತಿರುಗುತ್ತವೆ. ಟ್ಯೂಬು, ಬಲ್ಬು ಎಲ್ಲ ಆರಿಸಿ. ಎರಡು ಬಣ್ಣದ ಬೆಳಕು ಕೂಡಿದರೆ ಫೋನ್ ಒಂದನ್ನು ಮಾತ್ರ ಸರಿಮಾಡಬಲ್ಲದು, ಇನ್ನೊಂದು ಕಲೆಯಾಗಿ ಉಳಿಯುತ್ತದೆ.

ರೊಟ್ಟಿ ಬೂದಿಯಾಗುವುದಕ್ಕೆ ಕಾರಣ ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿ. ಕ್ಯಾಮೆರಾ ಯಾವುದನ್ನು ನೋಡಿದರೂ ನಡುಮಟ್ಟದ ಬೂದಿಗೆ ಎಳೆಯುತ್ತದೆ. ಬಿಳಿ ರೊಟ್ಟಿ, ಬಿಳಿ ಮೊಸರು, ಕೆಳಗೆ ಬಿಳಿ ಬಟ್ಟೆ ಇದ್ದಾಗ ಎಲ್ಲವನ್ನೂ ಮಂಕು ಮಾಡುತ್ತದೆ. ರೊಟ್ಟಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) +0.3ರಿಂದ +0.7ರವರೆಗೆ ಏರಿಸಿ. ಮೊಸರಿನ ಮೇಲೆ ಚಮಚದ ಗೆರೆ ಕಾಣುತ್ತಿರುವಷ್ಟಕ್ಕೆ ನಿಲ್ಲಿಸಬೇಕು. ಆ ಗೆರೆ ಅಳಿಸಿತೆಂದರೆ ಎಡಿಟ್ ಮಾಡಿದರೂ ಮರಳಿ ಬರುವುದಿಲ್ಲ.

ಫೋನಿನಲ್ಲಿ 2x ಝೂಮ್ ಇದ್ದರೆ ಅದನ್ನೇ ಬಳಸಿ, ಎರಡು–ಮೂರು ಅಡಿ ಹಿಂದೆ ನಿಲ್ಲಿ. 1xನಲ್ಲಿ ಹತ್ತಿರ ಹೋದರೆ ಮುಂದಿನ ಬಟ್ಟಲು ಅಳತೆ ಮೀರಿ ದೊಡ್ಡದಾಗುತ್ತದೆ.

ಗುರೆಳ್ಳು, ಗದಗ

ಮ್ಯಾಲಿನವರು ಹೇಳಿದ್ದು ಖರೆ. ಥರ್ಮಾಕೋಲ್ ಒಂದ ಅಡಿಗೇ ಇಡೂದು ಮಾತ್ರ ನನಗ ಒಪ್ಪಿಗಿ ಇಲ್ರಿ. ನೆರಳು ಪೂರ್ತಿ ಅಳಿಸಿದ್ರ ರೊಟ್ಟಿ ಕಾಗದ ಆಗ್ತೈತಿ. ಎರಡ ಅಡಿಯಿಂದ ಸುರು ಮಾಡಿ, ಬಟ್ಟಲದ ನೆರಳಿನ್ಯಾಗ ಇದ್ದ ಹಿಂಡಿ ಕಾಳು ಬಿಡಿಬಿಡಿ ಕಾಣೂತನಕ ಅಷ್ಟ ಹತ್ರ ತರ್ರಿ.

ಸ್ಟೀಲ್ ತಾಟಿಗೆ ಬರೂಣು. ಅದು ತನ್ನ ಎದರಿಗೆ ಏನ್ ಐತೋ ಅದನ್ನ ತೋರಸ್ತೈತಿ. ನೆಟ್ಟಗ ಮ್ಯಾಲಿಂದ ತೆಗೆದ್ರ ಫೋನು, ಕೈ, ಫ್ಯಾನು ಎಲ್ಲಾ ಅದರಾಗ. ಪೋಲರೈಸರ್ ಫಿಲ್ಟರ್ ತರೂಕ ಹೋಗಬ್ಯಾಡ್ರಿ, ನೀರು–ಗಾಜಿನ ಹೊಳಪು ಕಡಿಮಿ ಮಾಡ್ತೈತಿ ಖರೆ, ಲೋಹದ ಹೊಳಪಿಗೆ ಅದರಿಂದ ಉಪಯೋಗ ಇಲ್ಲ. ಫೋನ್ 60 ಡಿಗ್ರಿಗೆ ಬಾಗಿಸ್ರಿ, ತಾಟಿನ ಆ ಕಡಿಗೆ ಇನ್ನೊಂದು ಬಿಳಿ ಹಾಳಿ ನಿಲ್ಲಸ್ರಿ. ಆವಾಗ ಸ್ಟೀಲಿನ್ಯಾಗ ಬರೇ ಬಿಳುಪು ಕಾಣ್ತೈತಿ. ಇಲ್ಲಾಂದ್ರ ತಾಟಿನ ಅಳತಿಗೆ ಬಾಳಿ ಎಲಿ ಕತ್ತರಿಸಿ ಹಾಸ್ರಿ. ಮುತ್ತಲ ಎಲಿ ಪತ್ರಾವಳಿ ಇದ್ರ ಇನ್ನೂ ಛಲೋ: ಹೊಳಪಿಲ್ಲ, ಅದರ ಕಂದು ಬಣ್ಣದ ಮ್ಯಾಲ ಬಿಳಿ ರೊಟ್ಟಿ ಎದ್ದ ಕಾಣ್ತೈತಿ. ಡಬ್ಬಿ ಊಟದ ಮೆನುಕ್ಕಂತೂ ನಾನು ಅದನ್ನ ಹೇಳ್ತೀನಿ.

ಅಡಗಿ ಯಾವುದು ಯಾವಾಗ ತಾಟಿಗೆ ಬರಬೇಕು ಅನ್ನೂದೂ ಬೆಳಕಿನಷ್ಟ ಮುಖ್ಯ. ಹಿಂದಿನ ದಿನದ ರೊಟ್ಟಿ, ಖಾಲಿ ಬಟ್ಟಲ ಇಟ್ಟು ಬೆಳಕು, ಕೋನ ಎಲ್ಲಾ ಮುಗಿಸ್ಕೋರಿ. ಆಮ್ಯಾಲ ಹಿಂಡಿ, ಪಲ್ಯ, ಎಣ್ಣಿಗಾಯಿ ಈ ಸರತಿ. ಮೆತ್ತನ ರೊಟ್ಟಿ ಹಂಚಿನಿಂದ ತೆಗದ ಮ್ಯಾಲ ಗಾಳಿಗೆ ಬಿಟ್ರ ಅಂಚು ಒಣಗಿ ಮ್ಯಾಲ ಏಳ್ತಾವು, ಹಂಗಂತ ಅರಿವಿಯೊಳಗ ಸುತ್ತಿಟ್ಟು ಕಡೀಗೆ ತರ್ರಿ. ಮಸರು ಚಮಚದಿಂದ ಕೆದರಿದ ಜಾಗದಾಗ ನೀರು ಬಿಡ್ತೈತಿ, ಅದೂ ಕಡೀಕೆ. ಪಲ್ಯದ ಕಾಳು ಆರಿ ಮಂಕಾಗಿದ್ರ ಬೆರಳ ತುದಿಯಿಂದ ಒಂದೆರಡು ಹನಿ ಎಣ್ಣಿ ಸವರ್ರಿ. ಎಣ್ಣಿಗಾಯಿ ರಸ ಕರ್ರಗ ಅನಸಿದ್ರ ಬದನಿಕಾಯಿ ಒಂದನ್ನ ಸೀಳಿದ ಕಡಿ ಮ್ಯಾಲ ಮಾಡಿ ಇಡ್ರಿ, ಒಳಗಿನ ಮಸಾಲಿ ಬಣ್ಣ ಕಾಣ್ತೈತಿ. ಕೊತ್ತಂಬರಿ ಬಟನ್ ಒತ್ತೂ ಮುಂದ ಹಾಕ್ರಿ.

ರೊಟ್ಟಿಬುಟ್ಟಿ, ಧಾರವಾಡ

ಪತ್ರಾವಳಿ ಮನ್ಯಾಗ ಅದಾವ್ರಿ, ಅದರಾಗ ಮಾಡ್ತೀನಿ. ಸಂಜಿ ಮೆನು ಅಡಗಿ ಆಗೂದು ಏಳರ ಮ್ಯಾಲ. ಆವಾಗ ಕಿಡಕಿ ಇಲ್ಲ, 9 ವ್ಯಾಟ್ ಎಲ್‌ಇಡಿ ಬಲ್ಬ್ ಅದಾವು.

ಬ್ಯಾಡಗಿಕೆಂಪು, ಹಾವೇರಿ

ಬಲ್ಬ್ ಡಬ್ಬಿಯ ಮೇಲೆ ಸಿಆರ್‌ಐ ಅಂಕಿ ನೋಡಿ, ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವ ಅಳತೆ ಅದು. ಸಾಮಾನ್ಯವಾಗಿ 80 ಇರುತ್ತದೆ, ನಿಮಗೆ 90 ಅಥವಾ ಅದಕ್ಕಿಂತ ಹೆಚ್ಚು ಬೇಕು. ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪು ಬೆಳಕಿನ ಪಾಲು ಕಡಿಮೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಅದರ ಕೆಳಗೆ ಇಟ್ಟಿಗೆಯ ಬಣ್ಣವಾಗುತ್ತದೆ, ಎಷ್ಟು ಎಡಿಟ್ ಮಾಡಿದರೂ ಆ ಕೆಂಪು ಸಿಗುವುದಿಲ್ಲ. ಕೊಳ್ಳುವುದಾದರೆ ಇದಕ್ಕೆ ಮಾತ್ರ ದುಡ್ಡು ಹಾಕಿ: ಒಂದೇ ಕಂಪನಿಯ, ಒಂದೇ ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಎರಡು ಬಲ್ಬು, 5000ದಿಂದ 6500ರೊಳಗೆ.

ಹಗಲು ಕಿಟಕಿಗೆ ಕಟ್ಟಿದ ಧೋತರವನ್ನೇ ಎರಡು ಕುರ್ಚಿಗಳ ನಡುವೆ ಹಗ್ಗಕ್ಕೆ ಇಳಿಬಿಡಿ. ಬಲ್ಬು ಬಟ್ಟೆಯಿಂದ ಎರಡು ಅಡಿ ಹಿಂದಿರಲಿ, ತಾಟು ಬಟ್ಟೆಯ ಈಚೆ ಒಂದೂವರೆ ಅಡಿಯೊಳಗೆ. ಬಲ್ಬನ್ನು ಬಟ್ಟೆಗೆ ಅಂಟಿಸಿದಂತೆ ಇಟ್ಟರೆ ನಡುವೆ ಒಂದು ಉರಿಯುವ ಚುಕ್ಕೆ ಆಗುತ್ತದೆ, ಬಟ್ಟೆ ಇದ್ದೂ ನೆರಳು ಚೂಪು. ಬಟ್ಟೆ ಅಂಚಿನಿಂದ ಅಂಚಿಗೆ ಬೆಳಗಬೇಕು. ಹ್ಯಾಲೊಜನ್ ದೀಪ ಈ ಕೆಲಸಕ್ಕೆ ಬೇಡವೇ ಬೇಡ, ಅದರ ಕಾವಿಗೆ ಹತ್ತಿ ಬಟ್ಟೆ ಹೊತ್ತಿಕೊಳ್ಳುವ ಭಯವಿದೆ.

ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ಅದು ಬಲ್ಬಿನ ಮಿಣುಕು. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟಿ ಹೋಗುತ್ತದೆ. 1/50ರಲ್ಲಿ ಕೈ ನಡುಗಿದ್ದೂ ಕಾಣುತ್ತದೆ, ಫೋನನ್ನು ಡಬ್ಬಿಗಳ ಮೇಲೆ ಒರಗಿಸಿ 2 ಸೆಕೆಂಡ್ ಟೈಮರ್ ಹಾಕಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ತಾಟಿನ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಅದು ಬೆಳ್ಳಗೆ ಕಾಣುವವರೆಗೆ ಕೆಲ್ವಿನ್ ತಿರುಗಿಸಿ. ಆ ಅಂಕಿ ಬರೆದಿಟ್ಟುಕೊಂಡರೆ ಮೆನುವಿನ ಎಲ್ಲ ಸಂಜೆ ಫೋಟೋಗಳ ಬಣ್ಣ ಒಂದೇ ಆಗಿರುತ್ತದೆ.